ಕಣ್ಣು ಮುಚ್ಚಿ ನಕ್ಕವರ ಚಿತ್ರವನ್ನು ಅಳಿಸಬೇಡಿ

ಮಗಳ ಮೊದಲ ಹುಟ್ಟುಹಬ್ಬವೂ ತಂದೆತಾಯಿಯ ಮದುವೆಯ ನಲವತ್ತನೆಯ ವಾರ್ಷಿಕೋತ್ಸವವೂ ಒಂದೇ ತಿಂಗಳಲ್ಲಿ ಬರುತ್ತಿವೆ, ಒಳ್ಳೆಯ ಕ್ಯಾಮೆರಾ ಕೊಂಡು ನಾನೇ ಚಿತ್ರ ತೆಗೆಯಲೇ ಅಥವಾ ವೃತ್ತಿಪರ ಛಾಯಾಗ್ರಾಹಕರನ್ನು ಗೊತ್ತುಮಾಡಲೇ, ನಾನೇ ತೆಗೆದರೆ ಆ ದಿನದ ಸಂತೋಷ ಕೈತಪ್ಪುವುದೇ ಎಂದು ಕೇಳಿದ್ದೀರಿ. ನನ್ನ ಮಗಳಿಗೆ ವರ್ಷ ತುಂಬುವ ಹೊತ್ತಿಗೆ ನಾನೂ ಇದೇ ಲೆಕ್ಕಾಚಾರದಲ್ಲಿ ಮುಳುಗಿದ್ದೆ. ಕೊನೆಗೆ ಕ್ಯಾಮೆರಾವನ್ನೇ ಕೊಂಡೆ, ಆ ದಿನದ ಚಿತ್ರಗಳನ್ನು ನಾನೇ ತೆಗೆದೆ, ಮತ್ತು ಅವುಗಳಲ್ಲಿ ಅತ್ಯಂತ ಬೆಲೆಯುಳ್ಳದ್ದನ್ನು ಅದೇ ರಾತ್ರಿ ಕೈಯಾರೆ ಅಳಿಸಿದೆ.

ಅತಿಥಿಗಳು ಬರಲು ಇನ್ನೂ ಹೊತ್ತಿತ್ತು. ಮಗಳು ಆಗಷ್ಟೇ ಹಿಡಿದುಕೊಂಡು ನಿಲ್ಲುವುದನ್ನು ಕಲಿತಿದ್ದಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ನನ್ನ ತಂದೆಯ ಮೊಣಕಾಲನ್ನು ಹಿಡಿದು ಮೇಲೆದ್ದವಳು ಅವರ ಕನ್ನಡಕವನ್ನು ಕಿತ್ತುಕೊಂಡಳು. ನನ್ನ ತಂದೆ ಕ್ಯಾಮೆರಾ ಕಂಡೊಡನೆ ಬೆನ್ನು ನೆಟ್ಟಗೆ ಮಾಡಿ, ತುಟಿ ಬಿಗಿದು, ಗುರುತಿನ ಚೀಟಿಗೆ ಕುಳಿತವರಂತೆ ಆಗಿಬಿಡುತ್ತಿದ್ದರು. ಕನ್ನಡಕವಿಲ್ಲದ ಆ ಗಳಿಗೆಯಲ್ಲಿ ನಾನು ಎಲ್ಲಿ ನಿಂತಿದ್ದೇನೆ, ಕೈಯಲ್ಲಿ ಏನಿದೆ ಎಂಬುದೇ ಅವರಿಗೆ ಕಾಣಿಸಲಿಲ್ಲ. ತಲೆಯನ್ನು ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಭುಜಗಳು ಕುಲುಕುವಂತೆ ಅವರು ನಕ್ಕರು. ನಾನು ಬಟನ್ ಒತ್ತಿಹಿಡಿದು ಒಂದರ ಹಿಂದೊಂದು ಚಿತ್ರ ತೆಗೆದೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯಲ್ಲಿ ಚಿತ್ರಗಳನ್ನು ನೋಡುತ್ತಾ ಹೋದೆ. ಕಣ್ಣು ತೆರೆದಿರಬೇಕು, ಮುಖ ಕ್ಯಾಮೆರಾದತ್ತ ಇರಬೇಕು, ಚಿತ್ರ ಸ್ಪಷ್ಟವಾಗಿರಬೇಕು ಎಂದು ಓದಿ ಕಲಿತಿದ್ದ ನಿಯಮಗಳು ತಲೆಯಲ್ಲಿ ಹೊಸದಾಗಿದ್ದವು. ಪ್ರತಿಯೊಂದು ಚಿತ್ರವನ್ನೂ ಪೂರ್ತಿ ಹಿಗ್ಗಿಸಿ ರೆಪ್ಪೆಗೂದಲು ಎಣಿಸುವಷ್ಟು ಸ್ಪಷ್ಟವಾಗಿದೆಯೇ ಎಂದು ಪರೀಕ್ಷಿಸಿದೆ. ಕನ್ನಡಕ ಕಿತ್ತುಕೊಂಡ ಆ ಇಡೀ ಸರಣಿ ಎಲ್ಲ ನಿಯಮಗಳಲ್ಲೂ ಅನುತ್ತೀರ್ಣವಾಯಿತು. ತಂದೆಯ ಕಣ್ಣು ಮುಚ್ಚಿತ್ತು, ಮುಖ ಮೇಲ್ಛಾವಣಿಯ ಕಡೆಗಿತ್ತು, ಮಗಳ ಕೈ ಬರೀ ಮಸುಕು ಗೀಟಾಗಿತ್ತು. ಮಸುಕಾಗಿದ್ದಕ್ಕೆ ಕಾರಣವೂ ನಾನೇ. ಚಿತ್ರದಲ್ಲಿ ಕಾಳುಕಾಳಾದ ಚುಕ್ಕೆಗಳು ಬಂದಾವೆಂಬ ಭಯದಿಂದ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮವಾಗಿರಬೇಕೆಂದು ಹೇಳುವ ಐಎಸ್‌ಒ ಸಂಖ್ಯೆ 400ನ್ನು ದಾಟಲು ಬಿಟ್ಟಿರಲಿಲ್ಲ. ಅದರ ಫಲವಾಗಿ ಒಳಾಂಗಣದ ಬೆಳಕಿನಲ್ಲಿ ಶಟರ್ ವೇಗ, ಅಂದರೆ ಬೆಳಕನ್ನು ಒಳಬಿಡುವ ಪರದೆ ತೆರೆದು ಮುಚ್ಚುವ ವೇಗ, ಸೆಕೆಂಡಿನ 1/60 ಭಾಗಕ್ಕೆ ಇಳಿದಿತ್ತು. ಸುಮ್ಮನೆ ಕುಳಿತ ಮನುಷ್ಯನಿಗೆ ಅದು ಸಾಕು, ಕೈ ಬೀಸುವ ಮಗುವಿಗೆ ಸಾಲದು. ಕಾರ್ಡ್ ತುಂಬುತ್ತಾ ಬಂದಿತ್ತು, ನಿದ್ದೆ ಎಳೆಯುತ್ತಿತ್ತು, ಬೆಳಗಾಗುವುದರೊಳಗೆ ನೆಂಟರಿಗೆ ಚಂದದ ಚಿತ್ರಗಳನ್ನು ಕಳುಹಿಸಬೇಕೆಂಬ ಆತುರವಿತ್ತು. ಹಾಳಾದವೆಂದು ತೀರ್ಮಾನಿಸಿ ಆ ಸರಣಿಯನ್ನು ಅಳಿಸಿದೆ. ಮರುದಿನ ಉಳಿದವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕಾರ್ಡನ್ನು ಫಾರ್ಮ್ಯಾಟ್ ಮಾಡಿದೆ.

ಈ ಒಂದು ಸಂಗತಿಯನ್ನು ನೀವು ಚೆನ್ನಾಗಿ ತಿಳಿದಿರಬೇಕೆಂದು ಸ್ವಲ್ಪ ವಿವರಿಸುತ್ತೇನೆ. ಮೆಮೊರಿ ಕಾರ್ಡಿನಲ್ಲಿ ಒಂದು ಚಿತ್ರವನ್ನು ಅಳಿಸಿದಾಗ ಸಾಮಾನ್ಯವಾಗಿ ಅದರ ದತ್ತಾಂಶ ಆ ಕ್ಷಣವೇ ನಾಶವಾಗುವುದಿಲ್ಲ, ಆ ಜಾಗ ಖಾಲಿಯಿದೆ ಎಂದು ಗುರುತು ಬೀಳುತ್ತದೆಯಷ್ಟೇ. ಬೇರೆ ಚಿತ್ರ ಅದೇ ಜಾಗದಲ್ಲಿ ಬರೆಯಲ್ಪಡುವವರೆಗೆ ಹಳೆಯದನ್ನು ಮರಳಿ ಪಡೆಯುವ ತಂತ್ರಾಂಶಗಳಿವೆ. ಆದುದರಿಂದ ಅಳಿಸಿದ್ದು ತಪ್ಪೆಂದು ಅನಿಸಿದೊಡನೆ ಕ್ಯಾಮೆರಾವನ್ನು ಆಫ್ ಮಾಡಿ, ಕಾರ್ಡನ್ನು ಹೊರತೆಗೆದು, ಎಸ್‌ಡಿ ಕಾರ್ಡಾಗಿದ್ದರೆ ಅದರ ಅಂಚಿನಲ್ಲಿರುವ ಪುಟ್ಟ ಬೀಗದ ಗುಂಡಿಯನ್ನು ಸರಿಸಿ, ಮುಂದೆ ಒಂದು ಚಿತ್ರವನ್ನೂ ಅದರಲ್ಲಿ ತೆಗೆಯದೆ ಇಡಬೇಕು. ನನಗೆ ಹಾಗೆ ಅನಿಸಲೇ ಇಲ್ಲ. ಅದೇ ಕಾರ್ಡಿನಲ್ಲಿ ತಿಂಗಳುಗಟ್ಟಲೆ ಮತ್ತೆ ಮತ್ತೆ ಚಿತ್ರ ತೆಗೆದೆ.

ತಂದೆ ತೀರಿಕೊಂಡಾಗ ಗೋಡೆಗೆ ಹಾಕಲು ಅವರ ಚಿತ್ರವೊಂದು ಬೇಕಾಯಿತು. ನನ್ನ ಬಳಿ ಅವರ ಚಿತ್ರಗಳಿಗೆ ಬರವಿರಲಿಲ್ಲ, ಆದರೆ ಎಲ್ಲದರಲ್ಲೂ ಅದೇ ನೆಟ್ಟಗಿನ ಬೆನ್ನು, ಅದೇ ಬಿಗಿದ ತುಟಿ. ಅವರು ನಗುವ ಚಿತ್ರ ಒಂದೂ ಇಲ್ಲವೇ ಎಂದು ಅಮ್ಮ ಕೇಳಿದರು. ಹುಟ್ಟುಹಬ್ಬದ ಕಡತವನ್ನು ತೆರೆದಾಗ ಫೈಲುಗಳ ಸಂಖ್ಯೆ ಒಂದೆಡೆ ತಟಕ್ಕನೆ ಮುಂದಕ್ಕೆ ಜಿಗಿದಿರುವುದು ಕಣ್ಣಿಗೆ ಬಿತ್ತು. ಜಿಗಿತದ ನಂತರದ ಮೊದಲ ಚಿತ್ರದಲ್ಲಿ ತಂದೆ ಕನ್ನಡಕವನ್ನು ಮತ್ತೆ ಧರಿಸಿ ಗಂಭೀರವಾಗಿ ನನ್ನತ್ತ ನೋಡುತ್ತಿದ್ದಾರೆ. ಕನ್ನಡಕದ ಕಡೆಗೆ ಇನ್ನೂ ಚಾಚಿಕೊಂಡಿರುವ ಮಗಳ ಬೆರಳುಗಳು ಚಿತ್ರದ ಅಂಚಿನಲ್ಲಿವೆ. ಆ ಚಿತ್ರ ಎಲ್ಲ ನಿಯಮಗಳಲ್ಲೂ ಗೆದ್ದಿತ್ತು, ಆದ್ದರಿಂದಲೇ ಉಳಿದಿತ್ತು.

ಆಮೇಲೆ ನಾನು ಯೋಚಿಸಿ ಕಂಡುಕೊಂಡದ್ದನ್ನು ನಿಮಗೆ ಹೇಳಬೇಕೆಂದೇ ಈ ಉತ್ತರ ಬರೆಯುತ್ತಿದ್ದೇನೆ. ಮನಸಾರೆ ನಗುವವರ ಚಿತ್ರ ನಾವು ಒಪ್ಪಿಕೊಂಡಿರುವ ಅಳತೆಗೋಲುಗಳಲ್ಲಿ ಕೆಟ್ಟದಾಗಿಯೇ ಬರುತ್ತದೆ. ತುಟಿಯ ಅಂಚನ್ನು ಮೇಲೆಳೆಯುವ ಸ್ನಾಯು ನಮ್ಮ ಇಚ್ಛೆಯಂತೆ ನಡೆಯುತ್ತದೆ, ಆದರೆ ಕಣ್ಣಿನ ಸುತ್ತಲಿನ ಸ್ನಾಯು ನಿಜವಾದ ಸಂತೋಷದಲ್ಲಿ ತಾನಾಗಿ ಬಿಗಿಯುತ್ತದೆ ಎಂದು ಫ್ರೆಂಚ್ ವೈದ್ಯ ಗಿಯೋಮ್ ದ್ಯೂಷೆನ್ 1862ರಲ್ಲಿಯೇ ಬರೆದರು. ಅದನ್ನು ಬೇಕೆಂದೇ ಮಾಡಬಲ್ಲವರೂ ಇದ್ದಾರೆಂದು ನಂತರದ ಸಂಶೋಧಕರು ತೋರಿಸಿದ್ದಾರೆ, ನಿಜ. ಆದರೂ ಸಂತೋಷ ಹೆಚ್ಚಿದಷ್ಟೂ ಕಣ್ಣು ಕಿರಿದಾಗುತ್ತದೆ, ತಲೆ ವಾಲುತ್ತದೆ, ಕೈ ಬಾಯಿಗೆ ಹೋಗುತ್ತದೆ, ಮೈ ಅಲುಗುತ್ತದೆ ಎಂಬುದನ್ನು ನೀವು ಯಾವ ಮನೆಯಲ್ಲಿ ಬೇಕಾದರೂ ಗಮನಿಸಬಹುದು. ತೆರೆದ ಕಣ್ಣು, ಎದುರು ನೋಟ ಮತ್ತು ಸ್ಪಷ್ಟತೆಗಳನ್ನು ಹಿಡಿದು ಆರಿಸುತ್ತಾ ಹೋದರೆ ಸಂತೋಷವನ್ನೇ ಹುಡುಕಿ ಹುಡುಕಿ ಅಳಿಸಿದಂತಾಗುತ್ತದೆ. ಈಗ ಯಂತ್ರಗಳಿಗೂ ಇದೇ ಪೂರ್ವಗ್ರಹವನ್ನು ಕಲಿಸಲಾಗಿದೆ. 2023ರಲ್ಲಿ ಗೂಗಲ್‌ನ ಪಿಕ್ಸೆಲ್ 8 ಫೋನಿನೊಂದಿಗೆ ಬಂದ ಬೆಸ್ಟ್ ಟೇಕ್ ಎಂಬ ಸೌಲಭ್ಯ ಗುಂಪುಚಿತ್ರದಲ್ಲಿ ಒಬ್ಬೊಬ್ಬರ ಮುಖವನ್ನೂ ಅಕ್ಕಪಕ್ಕದ ಚಿತ್ರಗಳಿಂದ ತಂದು ಕೂಡಿಸಬಲ್ಲದು. ಯಾವ ಮುಖ ಉತ್ತಮವೆಂಬ ತೀರ್ಮಾನವನ್ನು ಅದಕ್ಕೆ ಒಪ್ಪಿಸಬೇಡಿ ಎಂದು ಬೇಡಿಕೊಳ್ಳುತ್ತೇನೆ.

ಹೀಗಾಗಿ ಕ್ಯಾಮೆರಾ ಕೊಳ್ಳಲೇ, ಛಾಯಾಗ್ರಾಹಕರನ್ನು ಕರೆಯಲೇ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಎರಡರಲ್ಲಿ ಯಾವುದನ್ನು ಆರಿಸಿದರೂ ಗಮನ ಇರಬೇಕಾದದ್ದು ಯಾವ ಗಳಿಗೆಗಳನ್ನು ತೆಗೆಯುತ್ತೀರಿ ಮತ್ತು ತೆಗೆದವುಗಳಲ್ಲಿ ಯಾವುದನ್ನು ಉಳಿಸುತ್ತೀರಿ ಎಂಬುದರ ಮೇಲೆ. ಮೈಲಿಗಲ್ಲು ಎನ್ನುವ ಗಳಿಗೆಯಲ್ಲಿ ಎಲ್ಲರಿಗೂ ತಾವು ಚಿತ್ರಕ್ಕೆ ಸಿಗುತ್ತಿದ್ದೇವೆಂಬ ಅರಿವಿರುತ್ತದೆ. ಸಂತೋಷ ಕಾಣಿಸಿಕೊಳ್ಳುವುದು ಅದಕ್ಕೆ ಅರ್ಧ ಗಂಟೆ ಮೊದಲು, ಬಟ್ಟೆಯ ಗುಂಡಿ ಹಾಕುವಾಗ, ಮಗುವನ್ನು ಒಬ್ಬರ ತೊಡೆಯಿಂದ ಇನ್ನೊಬ್ಬರ ತೊಡೆಗೆ ದಾಟಿಸುವಾಗ, ಮತ್ತು ಎಲ್ಲರೂ ಹೊರಟುಹೋದ ಮೇಲೆ ಮನೆಯವರು ಕಾಲು ಚಾಚಿ ಕುಳಿತಾಗ. ಸಾಧ್ಯವಾದಷ್ಟೂ ಆ ಹೊತ್ತಿಗೆ ಕ್ಯಾಮೆರಾ ಕೈಯಲ್ಲಿರಲಿ. ಸ್ಮೈಲ್ ಎಂದು ಹೇಳಬೇಡಿ, ಇನ್ನೊಮ್ಮೆ ಹಾಗೆಯೇ ಮಾಡಿ ಎಂದು ಯಾರನ್ನೂ ಕೇಳಬೇಡಿ. ಎರಡನೆಯ ಸಲ ಮಾಡುವವರು ನಿಮಗಾಗಿ ಮಾಡುತ್ತಾರೆ, ಅದು ಮುಖದಲ್ಲಿ ಕಾಣಿಸುತ್ತದೆ.

ಉಪಕರಣದ ವಿಷಯ ಹೆಚ್ಚಿಲ್ಲ. 1997ರ ಜೂನ್ 11ರಂದು ಫಿಲಿಪ್ ಕಾನ್ ಎಂಬ ತಂತ್ರಜ್ಞರು ಆಗ ತಾನೇ ಹುಟ್ಟಿದ ತಮ್ಮ ಮಗಳ ಚಿತ್ರವನ್ನು ಮೊಬೈಲ್ ಫೋನಿಗೆ ಜೋಡಿಸಿದ ಕ್ಯಾಮೆರಾದಿಂದ ತೆಗೆದು ಆಸ್ಪತ್ರೆಯಿಂದಲೇ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಕಳುಹಿಸಿದರು. ಇಂದಿನ ಅಳತೆಯಲ್ಲಿ ಅದು ತೀರಾ ಒರಟು ಚಿತ್ರ, ಆದರೆ ಅಂದು ಅದನ್ನು ಪಡೆದವರು ನೋಡಿದ್ದು ಮಗುವನ್ನು. ನಿಮ್ಮ ಫೋನು ಅದಕ್ಕಿಂತ ಎಷ್ಟೋ ಪಾಲು ಮೇಲು. ಮಸೂರವನ್ನು ಒರೆಸಿಕೊಳ್ಳಿ, ಚಿತ್ರದ ಹಿಂದುಮುಂದಿನ ಕ್ಷಣಗಳನ್ನೂ ಸೇರಿಸಿ ಉಳಿಸುವ ಲೈವ್ ಅಥವಾ ಮೋಷನ್ ಸೌಲಭ್ಯವನ್ನು ಚಾಲೂ ಇಡಿ, ಓಡಾಡುವ ಮಗುವಿಗೆ ರಾತ್ರಿಯ ಮೋಡ್ ಬಳಸಬೇಡಿ. ಅದು ಹೆಚ್ಚು ಹೊತ್ತು ಬೆಳಕನ್ನು ಕೂಡಿಸಿಕೊಳ್ಳುವುದರಿಂದ ಅಲುಗಿದ್ದೆಲ್ಲ ಮಸುಕಾಗುವ ಸಾಧ್ಯತೆ ಹೆಚ್ಚು. ಕ್ಯಾಮೆರಾ ಕೊಂಡರೆ 35 ಅಥವಾ 50 ಮಿಲಿಮೀಟರಿನ ಒಂದೇ ಮಸೂರ ಸಾಕು. ಶಟರ್ ವೇಗ 1/250ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ, ಮಗು ಓಡಾಡುತ್ತಿದ್ದರೆ 1/500 ಇರಲಿ. ಅದಕ್ಕಾಗಿ ಐಎಸ್‌ಒ 3200 ಅಥವಾ 6400ಕ್ಕೆ ಏರಿದರೆ ಏರಲಿ, ನಾನು ಹೆದರಿದಂತೆ ನೀವು ಹೆದರಬೇಡಿ. ಚುಕ್ಕೆಗಳಿರುವ ಚಿತ್ರವನ್ನು ಆಮೇಲೆ ತಿದ್ದಬಹುದು, ಅಲುಗಿದ್ದನ್ನು ತಿದ್ದುವುದು ಬಹಳ ಕಷ್ಟ. ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಬೆಳಕು ದೂರ ಎರಡರಷ್ಟಾದರೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದುದರಿಂದಲೇ ಅಂಥ ಚಿತ್ರಗಳಲ್ಲಿ ಮುಂದಿನವರು ಬಿಳಿಚಿಕೊಂಡು ಹಿಂದಿನವರು ಕತ್ತಲಲ್ಲಿ ಮುಳುಗುತ್ತಾರೆ. ಅದಕ್ಕಿಂತ ಕುರ್ಚಿಗಳನ್ನು ಕಿಟಕಿಯ ಪಕ್ಕಕ್ಕೆ ಸರಿಸುವುದು ಮೇಲು.

ನಾನೇ ತೆಗೆದರೆ ಸಂತೋಷ ಕೈತಪ್ಪುವುದೇ ಎಂಬ ನಿಮ್ಮ ಆತಂಕ ನ್ಯಾಯವಾದದ್ದು. ಅಮೆರಿಕದ ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆ ವಸ್ತುಸಂಗ್ರಹಾಲಯವೊಂದರಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬರಿಗಣ್ಣಿನಿಂದ ನೋಡಿದ ವಸ್ತುಗಳಿಗಿಂತ ಚಿತ್ರ ತೆಗೆದ ವಸ್ತುಗಳ ನೆನಪು ಜನರಿಗೆ ಕಡಿಮೆಯಿತ್ತು, ಆದರೆ ವಸ್ತುವಿನ ಒಂದು ಭಾಗವನ್ನು ಹತ್ತಿರಕ್ಕೆ ತಂದುಕೊಂಡು ತೆಗೆದವರಲ್ಲಿ ಆ ನಷ್ಟ ಕಾಣಲಿಲ್ಲ. ತಮಗೆ ಬೇಕಾದುದನ್ನು ಆರಿಸಿ ಚಿತ್ರ ತೆಗೆಯುವವರು ಕಂಡದ್ದನ್ನು ಹೆಚ್ಚು, ಕೇಳಿದ್ದನ್ನು ಕಡಿಮೆ ನೆನಪಿಟ್ಟುಕೊಳ್ಳುತ್ತಾರೆ ಎಂದು 2017ರ ಇನ್ನೊಂದು ಅಧ್ಯಯನ ತೋರಿಸಿತು. ಇದು ನನ್ನ ಅನುಭವಕ್ಕೂ ಹೊಂದುತ್ತದೆ. ತಂದೆ ನಕ್ಕ ಭಂಗಿ ಕಣ್ಣಿಗೆ ಕಟ್ಟಿದಂತಿದೆ, ಆದರೆ ಆಗ ಅವರು ಮೊಮ್ಮಗಳಿಗೆ ಏನೋ ಹೇಳಿದರು, ಅದೇನೆಂದು ನನಗೆ ನೆನಪಿಲ್ಲ. ಯಾರಾದರೂ ಮಾತನಾಡತೊಡಗಿದರೆ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟು ಕೇಳಿಸಿಕೊಳ್ಳಿ, ಇಲ್ಲವೇ ವಿಡಿಯೊ ಚಾಲೂ ಮಾಡಿ ಮೇಜಿನ ಮೇಲೆ ಇಟ್ಟುಬಿಡಿ.

ಇಷ್ಟಾದ ಮೇಲೂ ಛಾಯಾಗ್ರಾಹಕರನ್ನು ಕರೆಯುವುದಾದರೆ ವಾರ್ಷಿಕೋತ್ಸವಕ್ಕೆ ಕರೆಯಿರಿ, ಹುಟ್ಟುಹಬ್ಬಕ್ಕೆ ಬೇಡ. ಅಪರಿಚಿತರು ಎದುರಿಗಿದ್ದರೆ ಒಂದು ವರ್ಷದ ಮಗು ಅವರನ್ನೇ ನೋಡುತ್ತಾ ಕುಳಿತುಬಿಡುತ್ತದೆ. ನಿಮ್ಮ ತಂದೆತಾಯಿಯ ದಿನ ನೀವು ಅವರ ಪಕ್ಕದಲ್ಲಿರಬೇಕು, ಚಿತ್ರದೊಳಗೂ ಇರಬೇಕು. ಕರೆದವರಿಗೆ ಮೊದಲೇ ಎರಡು ಮಾತು ಹೇಳಿ: ಸಾಲಾಗಿ ನಿಲ್ಲಿಸುವ ಚಿತ್ರಗಳನ್ನು ಆರಂಭದಲ್ಲಿಯೇ ಮುಗಿಸಬೇಕು, ಮತ್ತು ಕಣ್ಣು ಮುಚ್ಚಿದ, ಅಲುಗಿದ ಚಿತ್ರಗಳನ್ನೂ ತೆಗೆದುಹಾಕದೆ ಕೊಡಬೇಕು. ಎರಡನೆಯದಕ್ಕೆ ಹಲವರು ಹಿಂಜರಿಯುತ್ತಾರೆ, ಏಕೆಂದರೆ ಅದು ಅವರ ಹೆಸರಿನ ಪ್ರಶ್ನೆ. ಅವು ನಿಮ್ಮ ಮನೆಯಿಂದ ಆಚೆ ಹೋಗುವುದಿಲ್ಲವೆಂದು ಲಿಖಿತವಾಗಿ ಕೊಟ್ಟರೆ ಒಪ್ಪುವವರು ಸಿಗುತ್ತಾರೆ.

ಸಾಲು ನಿಲ್ಲಿಸುವ ಚಿತ್ರವನ್ನು ನಾನು ತಿರಸ್ಕರಿಸುತ್ತಿಲ್ಲ. ನಿಕೊಲಸ್ ನಿಕ್ಸನ್ ಎಂಬ ಛಾಯಾಗ್ರಾಹಕ 1975ರಿಂದ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ತನ್ನ ಹೆಂಡತಿಯನ್ನೂ ಆಕೆಯ ಮೂವರು ಸೋದರಿಯರನ್ನೂ ಪ್ರತಿವರ್ಷ ಒಂದೇ ಕ್ರಮದಲ್ಲಿ ನಿಲ್ಲಿಸಿ ಚಿತ್ರ ತೆಗೆದರು, ಮತ್ತು ಆ ಮುಖಗಳಲ್ಲಿ ನಗುವೇ ಅಪರೂಪ. ಒಂದರ ಪಕ್ಕದಲ್ಲಿ ಒಂದನ್ನಿಟ್ಟಾಗ ಮಾತ್ರ ಅವು ಮಾತನಾಡುತ್ತವೆ. ನಿಮ್ಮ ಮನೆಯಲ್ಲೂ ಈ ತಿಂಗಳು ಒಂದನ್ನು ತೆಗೆದು, ಮುಂದಿನ ವರ್ಷ ಅದೇ ಗೋಡೆಯ ಮುಂದೆ ಮತ್ತೊಂದನ್ನು ತೆಗೆಯಿರಿ.

ತೆಗೆದವುಗಳನ್ನು ಅಂದು ರಾತ್ರಿ ಆರಿಸಲು ಕೂರಬೇಡಿ. ಎಲ್ಲವನ್ನೂ ಹಾಗೆಯೇ ಇಳಿಸಿಕೊಳ್ಳಿ. ಪೀಟರ್ ಕ್ರೋ ಎಂಬ ಛಾಯಾಗ್ರಾಹಕ ಬಳಕೆಗೆ ತಂದ 3-2-1 ಕ್ರಮದಂತೆ ಮೂರು ಪ್ರತಿ ಇರಲಿ, ಅವು ಎರಡು ಬಗೆಯ ಸಂಗ್ರಹದಲ್ಲಿರಲಿ, ಒಂದು ಮನೆಯ ಹೊರಗಿರಲಿ. ಅದಾದ ಮೇಲೆಯೇ ಕಾರ್ಡನ್ನು ಫಾರ್ಮ್ಯಾಟ್ ಮಾಡಿ. ನೆಂಟರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ್ದು ಪ್ರತಿಯೆಂದು ಎಣಿಸಬೇಡಿ, ಅದು ಸಾಮಾನ್ಯವಾಗಿ ಚಿತ್ರವನ್ನು ಕುಗ್ಗಿಸಿ ಕಳುಹಿಸುತ್ತದೆ. ಆಯ್ಕೆಯನ್ನು ಕೆಲವು ತಿಂಗಳು ಬಿಟ್ಟು, ದೊಡ್ಡ ಪರದೆಯಲ್ಲಿ, ನಿಮ್ಮ ತಂದೆತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಅವರು ತಡೆದು ಇನ್ನೊಮ್ಮೆ ತೋರಿಸು ಎಂದ ಚಿತ್ರ ಎಷ್ಟೇ ಮಸುಕಾಗಿದ್ದರೂ ಅದನ್ನೇ ಮುದ್ರಿಸಿ. 4x6 ಅಂಗುಲದ ಹಾಳೆಗೆ 1200x1800 ಪಿಕ್ಸೆಲ್ ಸಾಕು, ಆ ಗಾತ್ರದಲ್ಲಿ ಮಸುಕು ಅಷ್ಟಾಗಿ ಕಾಣುವುದೂ ಇಲ್ಲ. ಹಿಂಬದಿಯಲ್ಲಿ ಹೆಸರು ಮತ್ತು ದಿನಾಂಕ ಬರೆದು ಅವರ ಕೈಗೇ ಕೊಡಿ.