ಸಂಪಾದಕರ ಉತ್ತರ: ತಡೆದ ಕರೆ, ತೋರಿಸದ ಆದೇಶ

ಮಾನ್ಯರೇ,

ರಾಜಾಜಿನಗರದಿಂದ ತಾವು ಬರೆದ ದೀರ್ಘ ಪತ್ರ ತಲುಪಿತು. ಅಂತರ್ಜಾಲ ಕರೆಗಳನ್ನು ಸರ್ಕಾರಗಳು ತಡೆಯುವುದನ್ನು ವಿರೋಧಿಸಿ ಕಳೆದ ಸಂಚಿಕೆಯಲ್ಲಿ ನಾವು ಬರೆದ ಸಂಪಾದಕೀಯ ತಮಗೆ ಒಪ್ಪಿಗೆಯಾಗಿಲ್ಲ. ಶಾರ್ಜಾದಲ್ಲಿರುವ ಮಗಳು ಮತ್ತು ಅಳಿಯನೊಂದಿಗೆ ವಾಟ್ಸಾಪ್‌ನಲ್ಲಿ ಮಾತನಾಡಲಾಗದೆ ತಾವೇ ಪರದಾಡುತ್ತಿದ್ದರೂ, ಅದು ಆ ದೇಶದ ವ್ಯಾಪಾರದ ನಿಯಮವೆಂದೂ, ಅದನ್ನು ಮಾತಿನ ಸ್ವಾತಂತ್ರ್ಯಕ್ಕೆ ಗಂಟುಹಾಕುವುದು ಸರಿಯಲ್ಲವೆಂದೂ ವಾದಿಸಿದ್ದೀರಿ. ನಮ್ಮಲ್ಲಂತೂ ಭದ್ರತೆಯ ದೃಷ್ಟಿಯಿಂದ ಇಂಥ ತಡೆ ಬೇಕೇ ಬೇಕು, ಬೆಂಗಳೂರಿನಲ್ಲೇ ಪತ್ತೆಯಾದ ಅಕ್ರಮ ದೂರವಾಣಿ ವಿನಿಮಯ ಕೇಂದ್ರವೇ ಅದಕ್ಕೆ ಸಾಕ್ಷಿ, ಯಾವುದನ್ನು ಏಕೆ ತಡೆದರು ಎಂದು ಸಾಮಾನ್ಯ ನಾಗರಿಕ ಕೇಳಿ ಆಗಬೇಕಾದದ್ದೇನೂ ಇಲ್ಲ ಎಂಬುದು ತಮ್ಮ ನಿಲುವು. ಕೊನೆಯಲ್ಲಿ, ವಿಪಿಎನ್ (ಅಂತರ್ಜಾಲ ಸಂಚಾರವನ್ನು ಬೇರೆ ಕಡೆಯ ಕಂಪ್ಯೂಟರಿನ ಮೂಲಕ ಮರೆಯಾಗಿ ಸಾಗಿಸುವ ವ್ಯವಸ್ಥೆ) ಬಳಸೋಣವೆಂದು ಅಳಿಯ ಹೇಳುತ್ತಿದ್ದಾರೆ, ಒಪ್ಪಬಹುದೇ ಎಂದು ಕೇಳಿದ್ದೀರಿ.

ಈ ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ತಮ್ಮ ಮಕ್ಕಳ ಕ್ಷೇಮ ಅಡಗಿದೆ. ದಯವಿಟ್ಟು ಬೇಡ. ಅಪರಾಧ ಎಸಗುವುದಕ್ಕಾಗಲಿ, ಅದು ಪತ್ತೆಯಾಗದಂತೆ ಮಾಡುವುದಕ್ಕಾಗಲಿ ಬೇರೊಂದು ಐಪಿ ವಿಳಾಸದ (ಅಂತರ್ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಮರೆಯಲ್ಲಿ ನಿಂತರೆ ಸೆರೆವಾಸ, 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸುವ ನಿಯಮವನ್ನು ಶಾರ್ಜಾ ಇರುವ ಸಂಯುಕ್ತ ಅರಬ್ ಸಂಸ್ಥಾನ (ಯುಎಇ) 2016ರಲ್ಲಿ ತಂದಿತು. 2021ರ ಹೊಸ ಸೈಬರ್ ಕಾನೂನಿನಲ್ಲೂ ಅದು ಉಳಿದುಕೊಂಡಿದೆ. ಅಲ್ಲಿನ ಕಂಪನಿಗಳು ಕಚೇರಿ ಕೆಲಸಕ್ಕೆ ವಿಪಿಎನ್ ಬಳಸುತ್ತವೆ, ಅದು ತನ್ನಷ್ಟಕ್ಕೆ ಅಪರಾಧವೇನಲ್ಲ. ಆದರೆ ತಡೆಹಿಡಿದ ಕರೆ ಸೇವೆಯನ್ನು ತಲುಪಲು ಅದನ್ನು ಬಳಸಿದವರನ್ನು ಕಾನೂನು ಯಾವ ಕಡೆ ನಿಲ್ಲಿಸುತ್ತದೆ ಎಂಬುದನ್ನು ಪರೀಕ್ಷಿಸುವ ಧೈರ್ಯವನ್ನು, ವೀಸಾದ ಮೇಲೆ ಬದುಕು ಕಟ್ಟಿಕೊಂಡ ಕುಟುಂಬ ಮಾಡಬಾರದು. ಪರವಾನಗಿ ಪಡೆದ ಬೋಟಿಮ್‌ನಂಥ ಆ್ಯಪ್‌ಗಳು ಅಲ್ಲಿವೆ. ಟೀಮ್ಸ್, ಝೂಮ್‌ಗಳಿಗೂ 2020ರ ಮಾರ್ಚ್‌ನಲ್ಲಿ, ಕೋವಿಡ್ ಕಾಲದಲ್ಲಿ ಅವಕಾಶ ಕೊಟ್ಟರು. ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳುಹಿಸುವುದಕ್ಕೆ ಅಡ್ಡಿಯಿಲ್ಲ.

ಇನ್ನು ವ್ಯಾಪಾರದ ಮಾತು. ಈ ತಡೆಯ ಬೇರು ಹಣದಲ್ಲಿದೆ ಎಂಬ ತಮ್ಮ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಅಂತರ್ಜಾಲದ ಮೂಲಕ ಧ್ವನಿ ಸಾಗಿಸುವ ಹಕ್ಕು ಅಲ್ಲಿ ಪರವಾನಗಿ ಪಡೆದ ಕಂಪನಿಗಳಿಗೆ, ಅಂದರೆ ಎಟಿಸಲಾತ್ ಮತ್ತು ಡು ಎಂಬ ಎರಡಕ್ಕೆ ಮೀಸಲು; ಹೊರಗಿನ ಆ್ಯಪ್ ನಡೆಯಬೇಕಾದರೆ ಇವರ ಜೊತೆಗೂಡಿಯೇ ನಡೆಯಬೇಕು. 2018ರ ಆರಂಭದಲ್ಲಿ ಸ್ಕೈಪ್ ನಿಂತುಹೋದ ಹೊತ್ತಿನಲ್ಲೇ ಅನುಮತಿಸಿದ ಆ್ಯಪ್‌ಗಳಿಗಾಗಿ ತಿಂಗಳಿಗೆ 50 ದಿರ್ಹಮ್‌ನ ಯೋಜನೆ ಬಂತು. ಉಡುಪಿ, ಭಟ್ಕಳ, ಪುತ್ತೂರುಗಳಿಂದ ಹೋಗಿ ಗೋದಾಮಿನಲ್ಲೋ ಕಟ್ಟಡದ ಕೆಲಸದಲ್ಲೋ ದುಡಿಯುವವನಿಗೆ ಆ ಹಣದ ಬೆಲೆ ಏನೆಂದು ತಮಗೆ ಹೇಳಬೇಕಾಗಿಲ್ಲ. ಸೌದಿ ಅರೇಬಿಯಾ 2017ರ ಸೆಪ್ಟೆಂಬರ್‌ನಲ್ಲಿ, ತನ್ನ ನಿಯಮಗಳಿಗೆ ಒಪ್ಪುವ ಕರೆ ಆ್ಯಪ್‌ಗಳ ಮೇಲಿನ ತಡೆಯನ್ನು ತೆಗೆದದ್ದೂ ಆರ್ಥಿಕ ಲೆಕ್ಕಾಚಾರದಿಂದಲೇ. ಮೊರಾಕೊ ದೇಶದ ನಡೆ ಇನ್ನೂ ಸ್ಪಷ್ಟ: 2016ರ ಜನವರಿಯಲ್ಲಿ ಪರವಾನಗಿಯ ಕಾರಣ ಹೇಳಿ ಕರೆಗಳನ್ನು ತಡೆದ ಅಧಿಕಾರಿಗಳು, ಮರಕೇಶ್‌ನಲ್ಲಿ ಜಾಗತಿಕ ಹವಾಮಾನ ಸಮ್ಮೇಳನ ಸೇರುವ ಹೊತ್ತಿಗೆ, ನವೆಂಬರ್‌ನಲ್ಲಿ, ತಡೆಯನ್ನು ತೆರವು ಮಾಡಿದರು.

ನಮ್ಮ ದೇಶವೂ ಇದೇ ದಾರಿಯಲ್ಲಿ ನಡೆದು ಬಂದದ್ದು ತಮ್ಮ ವಯಸ್ಸಿನವರಿಗೆ ನೆನಪಿರಬೇಕು. ಐಎಸ್‌ಡಿ ಬೂತಿನಲ್ಲಿ ಮೀಟರಿನ ಮೇಲೆ ಕಣ್ಣಿಟ್ಟು ಮಾತು ಮುಗಿಸುತ್ತಿದ್ದ ಕಾಲದಲ್ಲಿ, ವಿದೇಶಿ ಕರೆಗಳ ಏಕಸ್ವಾಮ್ಯ ಸರ್ಕಾರಿ ಸಂಸ್ಥೆ ವಿಎಸ್ಎನ್ಎಲ್ ಕೈಯಲ್ಲಿತ್ತು. ಅಂತರ್ಜಾಲ ಕೊಡುತ್ತಿದ್ದುದೂ ಅದೇ ಸಂಸ್ಥೆ, ಆ ಅಂತರ್ಜಾಲದಲ್ಲಿ ಕರೆ ಮಾಡದಂತೆ ಗ್ರಾಹಕರನ್ನು ತಡೆಯುತ್ತಿದ್ದುದೂ ಅದೇ. 2002ರ ಏಪ್ರಿಲ್ 1ರಿಂದ ಅಂತರ್ಜಾಲ ಕರೆಗೆ ಮಿತವಾದ ಅನುಮತಿ ಸಿಕ್ಕಿತು. 2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್ ಇಂಥ ಕರೆಗಳಿಗೆ ಪ್ರತ್ಯೇಕ ದರ ಪ್ರಕಟಿಸಿ, ಜನರ ಪ್ರತಿಭಟನೆಯ ನಂತರ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಮರುವರ್ಷ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಈ ಬಗ್ಗೆ ಜನರ ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಮಿಂಚಂಚೆಗಳು ಹೋದವು. 2016ರ ಫೆಬ್ರುವರಿ 8ರಂದು, ಬಳಸುವ ವಿಷಯವನ್ನು ನೋಡಿ ಡೇಟಾ ದರದಲ್ಲಿ ತಾರತಮ್ಯ ಮಾಡಕೂಡದು ಎಂಬ ನಿಯಮ ಬಂತು. ಇಂದು ಬೆಂಗಳೂರಿನಿಂದ ಅಮೆರಿಕಕ್ಕೆ ಖರ್ಚಿನ ಚಿಂತೆಯಿಲ್ಲದೆ ಮಾತನಾಡುವುದು ಸಾಧ್ಯವಾಗಿದ್ದರೆ ಅದರ ಹಿಂದೆ ಆ ಪತ್ರಗಳೂ ಇವೆ.

ಆದರೆ ವ್ಯಾಪಾರಕ್ಕಾಗಿ ಎಂದ ಮಾತ್ರಕ್ಕೆ ಅದು ಮಾತಿನ ಸ್ವಾತಂತ್ರ್ಯವನ್ನು ಮುಟ್ಟುವುದಿಲ್ಲ ಎನ್ನುವುದನ್ನು ಒಪ್ಪಲಾರೆ. ಏಕೆ ಎಂಬುದು ತಡೆಯುವ ವಿಧಾನದಲ್ಲೇ ಇದೆ. ಸಂದೇಶ ಹೋಗಿ ಕರೆ ಮಾತ್ರ ನಿಲ್ಲುವುದು ಹೇಗೆಂದು ತಾವು ಆಶ್ಚರ್ಯಪಟ್ಟಿದ್ದೀರಿ. ಕರೆ ನಡೆಯುವಾಗ ಧ್ವನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡುಗಳಿಗೆ ಒಂದರಂತೆ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಎರಡೂ ಕಡೆಗೆ ಎಡೆಬಿಡದೆ ಕಳುಹಿಸಲಾಗುತ್ತದೆ. ಸಂದೇಶವಾದರೆ ಒಮ್ಮೆ ಹೋಗಿ ಸುಮ್ಮನಾಗುತ್ತದೆ. ಜಾಲದ ನಡುವೆ ಕೂರಿಸಿದ ತಪಾಸಣಾ ಯಂತ್ರಗಳು ಗೂಢಲಿಪಿಯನ್ನು ಒಡೆಯದೆಯೇ, ಈ ಲಯವನ್ನೂ ಅದು ಹೋಗುತ್ತಿರುವ ವಿಳಾಸವನ್ನೂ ನೋಡಿ ಇದು ಕರೆ ಎಂದು ಗುರುತಿಸಿ ಬೀಳಿಸಬಲ್ಲವು. ಹಾಗೆ ಪ್ರತಿ ಮನೆಯ ಸಂಚಾರವನ್ನು ವಿಂಗಡಿಸುವ ಸಾಮರ್ಥ್ಯ ಒಮ್ಮೆ ಕೈಗೆ ಬಂದರೆ ಅದಕ್ಕೆ ಕರೆ ಬೇರೆ, ಸುದ್ದಿ ಬೇರೆ ಎಂಬ ಭೇದವಿಲ್ಲ. 2017ರಲ್ಲಿ ಕತಾರ್ ಜೊತೆ ಮನಸ್ತಾಪ ಬಂದಾಗ ಅಲ್ ಜಝೀರಾ ಜಾಲತಾಣವನ್ನು ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಮುಚ್ಚಿದ್ದು ಇದೇ ಎರಡು ಕಂಪನಿಗಳ ಜಾಲದಲ್ಲಿ. 2025ರ ಆಗಸ್ಟ್‌ನಲ್ಲಿ ರಷ್ಯಾ ವಾಟ್ಸಾಪ್ ಮತ್ತು ಟೆಲಿಗ್ರಾಮ್ ಕರೆಗಳನ್ನು ನಿರ್ಬಂಧಿಸುವಾಗ ಹೇಳಿದ ಕಾರಣವಂತೂ ವಂಚನೆ ಮತ್ತು ಭಯೋತ್ಪಾದನೆ. ಕಾರಣ ಬದಲಾಗುತ್ತದೆ, ತಡೆಯುವ ವಿಧಾನ ಒಂದೇ.

ಭದ್ರತೆಯ ಬಗ್ಗೆ ತಾವು ಎತ್ತಿದ ಉದಾಹರಣೆ ಗಂಭೀರವಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. 2021ರ ಜೂನ್‌ನಲ್ಲಿ ಸಿಸಿಬಿ ಪೊಲೀಸರು ಮಿಲಿಟರಿ ಗುಪ್ತಚರರ ಜೊತೆಗೂಡಿ ನಗರದಲ್ಲಿ ಪತ್ತೆಹಚ್ಚಿದ ಕೇಂದ್ರದಲ್ಲಿ, ನೂರಾರು ಸಿಮ್‌ಗಳನ್ನು ಸಿಮ್ ಬಾಕ್ಸ್‌ಗಳಿಗೆ ಹಾಕಿ, ಹೊರದೇಶದ ಕರೆಗಳನ್ನು ಸ್ಥಳೀಯ ಕರೆಗಳಂತೆ ಕಾಣುವ ಹಾಗೆ ತಿರುಗಿಸಲಾಗುತ್ತಿತ್ತು. ಕರೆಯ ಮೂಲ ಮರೆಯಾಗುವುದರಿಂದ ಅದು ನಿಜಕ್ಕೂ ಅಪಾಯಕಾರಿ. ಆದರೆ ಆ ದಂಧೆ ಹುಟ್ಟುವುದು ವಿದೇಶಿ ಕರೆಗೂ ಸ್ಥಳೀಯ ಕರೆಗೂ ಇರುವ ದರದ ಅಂತರದಿಂದ, ಬೆಳೆಯುವುದು ಬೇರೆಯವರ ಹೆಸರಿನಲ್ಲಿ ಸಿಮ್ ಸಿಗುವುದರಿಂದ. ತಮ್ಮ ಮಗಳು ವಾಟ್ಸಾಪ್‌ನಲ್ಲಿ ಮಾತನಾಡುವುದನ್ನು ನಿಲ್ಲಿಸಿದರೆ ಆ ಪೆಟ್ಟಿಗೆಗಳು ನಿಲ್ಲುವುದಿಲ್ಲ. ಅಗ್ಗದ ಸಕ್ರಮ ದಾರಿ ಮುಚ್ಚಿದಷ್ಟೂ ಅಕ್ರಮ ದಾರಿಗೆ ಗಿರಾಕಿಗಳು ಹೆಚ್ಚುತ್ತಾರೆ. ‘ಡಿಜಿಟಲ್ ಅರೆಸ್ಟ್’ ಹೆಸರಿನಲ್ಲಿ ಹಿರಿಯರ ಜೀವಮಾನದ ಉಳಿತಾಯವನ್ನೇ ದೋಚುವ ವಂಚಕರ ವಿಷಯದಲ್ಲಿ ಕೇಂದ್ರ ಸರ್ಕಾರವೇ ಅನುಸರಿಸಿದ ಮಾರ್ಗ ನೋಡಿ: 1700ಕ್ಕೂ ಹೆಚ್ಚು ಸ್ಕೈಪ್ ಐಡಿಗಳನ್ನು ಮತ್ತು 59,000 ವಾಟ್ಸಾಪ್ ಖಾತೆಗಳನ್ನು ಗುರುತಿಸಿ ತಡೆದಿರುವುದಾಗಿ 2024ರ ಕೊನೆಗೆ ಅದು ತಿಳಿಸಿತು. ತಪ್ಪು ಮಾಡಿದ ಖಾತೆಯನ್ನು ತಡೆದರು, ಸೇವೆಯನ್ನಲ್ಲ. ಇಂಥ ಕ್ರಮವನ್ನು ನಮ್ಮ ಪತ್ರಿಕೆ ಬೆಂಬಲಿಸುತ್ತದೆ.

ಈಗ, ನಾಗರಿಕ ಕೇಳಿ ಆಗಬೇಕಾದದ್ದೇನು ಎಂಬ ತಮ್ಮ ಪ್ರಶ್ನೆ. ಇಲ್ಲಿಯೇ ನಮ್ಮ ನಿಜವಾದ ಭಿನ್ನಾಭಿಪ್ರಾಯವಿದೆ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 14 ಸಂದೇಶ ಮತ್ತು ಕರೆ ಆ್ಯಪ್‌ಗಳನ್ನು ತಡೆಯಿತೆಂದು ಪತ್ರಿಕೆಗಳಲ್ಲಿ ಬಂತು. ಜಮ್ಮು-ಕಾಶ್ಮೀರದ ಉಗ್ರರು ಅವುಗಳನ್ನು ಬಳಸುತ್ತಿದ್ದರೆಂಬುದು ಹೇಳಿದ ಕಾರಣ. ಆ ಪಟ್ಟಿಯಲ್ಲಿ ಇಮೋ ಇತ್ತು, ಕೊಲ್ಲಿಗೆ ದುಡಿಯಲು ಹೋದವರ ಎಷ್ಟೋ ಮನೆಗಳಲ್ಲಿ ಬಳಕೆಯಲ್ಲಿದ್ದ ಆ್ಯಪ್ ಅದು. ಉಗ್ರರ ವಿಷಯ ನಿಜವೇ ಇರಬಹುದು. ಆದರೆ ಆ ಆದೇಶವನ್ನು ಜನ ಓದಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂನಡಿ ತಡೆಯಲು ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು. 2015ರ ಮಾರ್ಚ್ 24ರ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಕಲಂ ಅನ್ನು ಎತ್ತಿಹಿಡಿಯಲು ಆ ರಕ್ಷಣೆಯೂ ಒಂದು ಆಧಾರವಾಗಿತ್ತು. ಅದೇ ಹೊತ್ತಿಗೆ ಈ ಕಲಂನಡಿ ರೂಪಿಸಿದ 2009ರ ನಿಯಮಾವಳಿಯ 16ನೇ ನಿಯಮ, ದೂರುಗಳನ್ನೂ ಕ್ರಮಗಳನ್ನೂ ಗೌಪ್ಯವಾಗಿಡಬೇಕು ಎನ್ನುತ್ತದೆ. ಲಿಖಿತ ಕಾರಣ ಇರುತ್ತದೆ, ಅದನ್ನು ಪ್ರಶ್ನಿಸಬೇಕಾದವನ ಕೈಗೆ ಮಾತ್ರ ಸಿಗುವುದಿಲ್ಲ. ಎರಡು ತಿಂಗಳಿಗೊಮ್ಮೆಯಾದರೂ ಆದೇಶಗಳನ್ನು ಪರಿಶೀಲಿಸಬೇಕಾದ ಸಮಿತಿಯಲ್ಲಿ ಇರುವವರೂ ಸರ್ಕಾರದ ಅಧಿಕಾರಿಗಳೇ.

ಈ ಪ್ರಶ್ನೆ ನಮ್ಮ ಹೈಕೋರ್ಟಿನ ಮುಂದೆಯೇ ಬಂದಿತ್ತು. ತಡೆ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಸಲ್ಲಿಸಿದ ಅರ್ಜಿಯನ್ನು 2023ರ ಜೂನ್ 30ರಂದು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 50 ಲಕ್ಷ ರೂಪಾಯಿ ದಂಡದೊಂದಿಗೆ ವಜಾ ಮಾಡಿತು. ಅದೇ ಕಂಪನಿ ಎಕ್ಸ್ ಎಂಬ ಹೆಸರಿನಲ್ಲಿ ಅಂತರ್ಜಾಲದಿಂದ ವಿಷಯ ತೆಗೆಯುವಂತೆ ಸರ್ಕಾರ ಕಂಪನಿಗಳಿಗೆ ಸೂಚನೆ ಕಳುಹಿಸುವ ‘ಸಹಯೋಗ್’ ಪೋರ್ಟಲ್ ವಿರುದ್ಧ ಹೂಡಿದ ಅರ್ಜಿಯೂ 2025ರ ಸೆಪ್ಟೆಂಬರ್ 24ರಂದು ವಜಾ ಆಯಿತು. ನ್ಯಾಯಾಲಯದ ಬಗ್ಗೆ ಪೂರ್ಣ ಗೌರವವಿಟ್ಟೇ ಹೇಳುತ್ತೇನೆ: ಕೋಟ್ಯಂತರ ರೂಪಾಯಿ ವಹಿವಾಟಿನ ಕಂಪನಿಯೇ ಇಷ್ಟು ಕಷ್ಟದಿಂದ ಎತ್ತಬೇಕಾದ ಪ್ರಶ್ನೆಯನ್ನು, ಆದೇಶದ ಪ್ರತಿಯೂ ಇಲ್ಲದ ಭಟ್ಕಳದ ತಾಯಿಯೊಬ್ಬಳು ಎತ್ತುವುದು ಹೇಗೆ?

ಮುಚ್ಚುಮರೆಯಿಲ್ಲದೆ ಭದ್ರತೆ ಕಾಯಲಾಗದು ಎಂಬ ಮಾತಿಗೂ ಉತ್ತರವಿದೆ. ಕಾಶ್ಮೀರದ ಅಂತರ್ಜಾಲ ಸ್ಥಗಿತದ ಬಗ್ಗೆ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು, ಸ್ಥಗಿತದ ಆದೇಶಗಳನ್ನು ಪ್ರಕಟಿಸಬೇಕು, ಕ್ರಮ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು, ಅನಿರ್ದಿಷ್ಟ ಕಾಲದ ಸ್ಥಗಿತ ಸಲ್ಲದು ಎಂದಿತು. ಕಾಶ್ಮೀರದಂಥ ಕಡೆಯೇ ಆದೇಶ ಪ್ರಕಟಿಸಬಹುದಾದರೆ, ಒಂದು ಕರೆ ಆ್ಯಪ್ ತಡೆದ ಆದೇಶವನ್ನು, ಗುಪ್ತಚರ ಮೂಲಗಳ ಭಾಗವನ್ನಷ್ಟೇ ಮರೆಮಾಡಿ, ಯಾವ ಕಲಂ, ಯಾವ ಕಾರಣ, ಎಷ್ಟು ಕಾಲ ಎಂಬ ವಿವರಗಳೊಂದಿಗೆ ಪ್ರಕಟಿಸುವುದಕ್ಕೆ ಅಡ್ಡಿಯೇನು? ವಾಟ್ಸಾಪ್‌ನಂಥ ಸೇವೆಗಳನ್ನಷ್ಟೇ ಆಯ್ದು ನಿಷೇಧಿಸಬಹುದೇ ಎಂದು ಟ್ರಾಯ್ 2023ರ ಜುಲೈನಲ್ಲಿ ಸಾರ್ವಜನಿಕ ಸಮಾಲೋಚನೆಗೆ ಇಟ್ಟಿತ್ತು. ಆ ವಿಚಾರ ಮತ್ತೆ ಬಂದಾಗ ನಮ್ಮ ಪತ್ರಿಕೆ ಕೇಳುವುದು ಇಷ್ಟನ್ನೇ: ತಡೆಯುವ ಅಧಿಕಾರ ಸರ್ಕಾರಕ್ಕೆ ಇರಲಿ, ಆದೇಶ ಹೊರಟ ದಿನವೇ ಅದರ ಪ್ರತಿ ಸಾರ್ವಜನಿಕರಿಗೆ ಸಿಗಲಿ, ಅದರಿಂದ ಬಾಧಿತರಾದ ಯಾವುದೇ ಬಳಕೆದಾರರಿಗೆ ಅದನ್ನು ಪ್ರಶ್ನಿಸುವ ಅವಕಾಶ ಇರಲಿ.

ತಮ್ಮ ವಿಶ್ವಾಸಿ,
ಸಂಪಾದಕ