ತುರಿಕೆ ಶುರುವಾಗಲಿ ಅಂತ ಕಾಯಬೇಡಿ

ಪ್ರಶ್ನೆ: ಸಿಸ್ಟರ್, ನಾನು ಉಡುಪಿ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ ಎರಡು ವರ್ಷದಿಂದ ಆಯಾ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿ ಹಾಸಿಗೆ ಹಿಡಿದ ಒಬ್ಬರು ಅಜ್ಜ ಇದ್ದಾರೆ. ಮೂರು ತಿಂಗಳಿಂದ ಅವರ ಕೈ, ಬೆರಳು, ಮೊಣಕೈ ಎಲ್ಲ ದಪ್ಪ ಹಕ್ಕಳೆ ಕಟ್ಟಿತ್ತು. ವಯಸ್ಸಾದ ಚರ್ಮ, ಒಣಗಿದೆ ಅಂತ ದಿನಾ ತೆಂಗಿನೆಣ್ಣೆ ತಿಕ್ಕಿ ನಾನೇ ಸ್ನಾನ ಮಾಡಿಸುತ್ತಿದ್ದೆ. ಕಳೆದ ವಾರ ಡಾಕ್ಟರು ಬಂದು ನೋಡಿ ಇದು ಕಜ್ಜಿ, ಜೋರಾಗಿದೆ ಎಂದರು. ಇನ್ನಿಬ್ಬರು ಆಯಾಗಳಿಗೆ ಆಗಲೇ ತುರಿಕೆ ಇದೆ. ಮ್ಯಾನೇಜರು ಮಾತ್ರ ‘ಹೊರಗೆ ಹೇಳಬೇಡಿ, ಮನೆಯವರಿಗೆ ಗೊತ್ತಾದರೆ ಎಲ್ಲರನ್ನೂ ಕರೆದುಕೊಂಡು ಹೋಗುತ್ತಾರೆ, ಬೇಕಾದರೆ ಒಂದು ಟ್ಯೂಬ್ ತಂದು ಹಚ್ಚಿಕೊಳ್ಳಿ’ ಅನ್ನುತ್ತಾರೆ. ನನಗೆ ಇನ್ನೂ ತುರಿಕೆ ಇಲ್ಲ. ಮನೆಯಲ್ಲಿ 8 ತಿಂಗಳ ಮಗು, ಮೊಲೆಹಾಲು ಕುಡಿಯುತ್ತದೆ. ಗಂಡ ಮಲ್ಪೆಯಲ್ಲಿ ಬೋಟಿಗೆ ಹೋಗುವವರು, ಈಗ ಮನೆಯಲ್ಲೇ ಇದ್ದಾರೆ. ಅತ್ತೆ ‘ಇದು ನಂಜು, ಬಂಗುಡೆ ಬಿಡು’ ಅಂತಾರೆ, ಪಕ್ಕದ ಮನೆಯವರು ನಾಗದೋಷ ಅಂತಾರೆ. ನಾನು ಕೆಲಸ ಬಿಡಬೇಕಾ? ಮಗುವಿನಿಂದ ದೂರ ಮಲಗಬೇಕಾ?

ಉತ್ತರ: ತಂಗಿ, ನಿಮ್ಮ ಪತ್ರ ಜುಲೈ ಎರಡನೇ ವಾರ ಕೈಗೆ ಬಂತು. ಅವಸರದ್ದನ್ನು ಆವತ್ತೇ ಫೋನಿನಲ್ಲಿ ಹೇಳಿದ್ದೇನೆ. ಇಲ್ಲಿ ಉದ್ದಕ್ಕೆ ಬರೆಯುತ್ತಿರುವುದು ನಿಮ್ಮ ಹಾಗೆ ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಹೋಗುತ್ತಿರುವ ಉಳಿದವರಿಗಾಗಿ.

ನಿಮಗೆ ತುರಿಕೆ ಇಲ್ಲ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಕಜ್ಜಿ ಮೊದಲ ಸಲ ತಗಲಿದವರಿಗೆ ತುರಿಕೆ ಶುರುವಾಗುವುದು 2ರಿಂದ 6 ವಾರ ಕಳೆದ ಮೇಲೆ. ಅಲ್ಲಿಯ ತನಕ ನೀವು ಆರಾಮಾಗಿ ಇರುತ್ತೀರಿ, ಆದರೆ ಬೇರೆಯವರಿಗೆ ಕೊಡುತ್ತಾ ಇರುತ್ತೀರಿ. ಮೂರು ತಿಂಗಳು ಬರಿಗೈಯಲ್ಲಿ ಎಣ್ಣೆ ತಿಕ್ಕಿದ್ದೀರಿ ಅಲ್ವಾ, ಹಾಗಾಗಿ ‘ನನಗೂ ತಗಲಿದೆ’ ಅಂತಲೇ ಲೆಕ್ಕ ಹಾಕಿ ಔಷಧ ಹಚ್ಚಬೇಕು. ತುರಿಕೆ ಬರಲಿ, ಆಮೇಲೆ ನೋಡುವ ಅಂತ ಕೂತರೆ ಮಗುವಿಗೆ ಹೋಗಿರುತ್ತದೆ.

ಕಜ್ಜಿ ಮಾಡುವುದು ಒಂದು ನುಸಿ. ನಮ್ಮ ತೆಂಗಿನಕಾಯಿಗೆ ನುಸಿ ಬಿದ್ದು ಸಿಪ್ಪೆ ಕಂದಾಗಿ ಬಿರಿಯುತ್ತದಲ್ಲ, ಅದರ ದೂರದ ಸಂಬಂಧಿ. ಜೇಡ, ಉಣ್ಣಿ ಎಲ್ಲ ಅದೇ ಬಳಗ, ಎಂಟು ಕಾಲು. ಉದ್ದ ಅರ್ಧ ಮಿಲಿಮೀಟರ್ ಕೂಡ ಇಲ್ಲ, ಬರಿಗಣ್ಣಿಗೆ ಸಿಕ್ಕುವುದೇ ಇಲ್ಲ ಅನ್ನಬಹುದು. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ, ಸೊಂಟ, ಕಂಕುಳು, ಗುಪ್ತಾಂಗ, ಇವು ಅದಕ್ಕೆ ಇಷ್ಟವಾದ ಜಾಗ. ರಾತ್ರಿ ಮಲಗಿದ ಮೇಲೆ ತುರಿಕೆ ಜಾಸ್ತಿ.

ಸಾಮಾನ್ಯ ಕಜ್ಜಿ ಇದ್ದವರ ಇಡೀ ಮೈಯಲ್ಲಿ ಇರುವುದು ಹತ್ತು ಹದಿನೈದು ನುಸಿ ಅಷ್ಟೆ. ಅವರ ಕೈ ಕುಲುಕಿದರೆ, ಪಕ್ಕದಲ್ಲಿ ಕೂತರೆ ಬರುವುದು ಅಪರೂಪ. ಸ್ವಲ್ಪ ಹೊತ್ತು ಚರ್ಮಕ್ಕೆ ಚರ್ಮ ತಾಗಿಕೊಂಡೇ ಇರಬೇಕು. ನಿಮ್ಮ ಅಜ್ಜನದು ಹಾಗಲ್ಲ. ಅದಕ್ಕೆ ಹಕ್ಕಳೆ ಕಜ್ಜಿ ಅನ್ನಬಹುದು, ಡಾಕ್ಟರುಗಳು ಕ್ರಸ್ಟೆಡ್ ಸ್ಕೇಬೀಸ್ ಅನ್ನುತ್ತಾರೆ. ವಯಸ್ಸಾಗಿ ಮೈಯ ತಾಕತ್ತು ಕಡಿಮೆಯಾದವರಿಗೆ ಬರುವಂಥದ್ದು. ಅವರ ಮೈಯಲ್ಲಿ ನುಸಿ ಸಾವಿರ, ಲಕ್ಷದ ಲೆಕ್ಕ. ತಮಾಷೆ ಏನೆಂದರೆ ಎಷ್ಟೋ ಸಲ ಅವರಿಗೆ ತುರಿಕೆ ಅಷ್ಟಾಗಿ ಇರುವುದೇ ಇಲ್ಲ, ಅದಕ್ಕೇ ಯಾರಿಗೂ ಸಂಶಯ ಬರುವುದಿಲ್ಲ. ಉದುರಿದ ಹಕ್ಕಳೆಯಲ್ಲೂ, ಬೆಡ್‌ಶೀಟಿನಲ್ಲೂ ನುಸಿ ಇರುತ್ತದೆ. ಹಾಸಿಗೆ ಕೊಡವಿದವರಿಗೂ ಬರಬಹುದು. ಆ ಇಬ್ಬರು ಆಯಾಗಳಿಗೆ ಬಂದದ್ದರಲ್ಲಿ ಆಶ್ಚರ್ಯ ಇಲ್ಲ.

ಇನ್ನು ನಂಜು, ಅಂದರೆ ತಿಂದದ್ದು ಮೈಗೆ ಆಗದೆ ತುರಿಕೆ ಬರುತ್ತದೆ ಅನ್ನುವ ಮಾತು. ನಮ್ಮ ಕರಾವಳಿಯಲ್ಲಿ ಮೈ ತುರಿಸಿದರೆ ಮೊದಲು ಬಂಗುಡೆಗೆ ಬೈಗುಳ, ಆಮೇಲೆ ಎಟ್ಟಿ ಅನ್ನುವ ಸಿಗಡಿಗೆ, ಕೊನೆಗೆ ಪಾಪ ಬದನೆಕಾಯಿಗೆ. ಹಿಂದೆ ಎಲ್ಲ ಕಡೆ ಹೀಗೇ ಇತ್ತು, ರಕ್ತ ಕೆಟ್ಟು ಕಜ್ಜಿ ಬರುತ್ತದೆ ಅಂತ ದೊಡ್ಡ ದೊಡ್ಡ ವೈದ್ಯರೇ ನಂಬಿದ್ದರು. 1687ರಲ್ಲಿ ಇಟಲಿಯ ಬೊನೊಮೊ ಎಂಬ ವೈದ್ಯ ಕಜ್ಜಿಯಿಂದ ತೆಗೆದ ನುಸಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಾರಣ ಈ ಹುಳ ಅಂತ ಬರೆದ. ಜನ ಅದನ್ನು ಒಪ್ಪಲು ಮತ್ತೂ ನೂರು ವರ್ಷದ ಮೇಲೆ ಬೇಕಾಯಿತು, ಹಾಗಾಗಿ ಅತ್ತೆಯ ಮೇಲೆ ಸಿಟ್ಟು ಮಾಡಬೇಡಿ. ಬಂಗುಡೆ ಧಾರಾಳ ತಿನ್ನಿ. ನಾಗನ ವಿಷಯ ನಿಮ್ಮ ನಂಬಿಕೆ, ನಾನು ನಡುವೆ ಬರುವುದಿಲ್ಲ. ನಾಗರಪಂಚಮಿ ಹೇಗೂ ಹತ್ತಿರ ಬಂತು, ಹಾಲು ಸೀಯಾಳ ಕೊಟ್ಟು ಬನ್ನಿ. ಔಷಧ ಮಾತ್ರ ಅಲ್ಲಿಯವರೆಗೆ ಕಾಯುವುದು ಬೇಡ.

ಕೊಳಕಿನಿಂದ ಬರುತ್ತದೆ ಅನ್ನುವ ಮಾತೂ ಸುಳ್ಳೇ. ದಿನಕ್ಕೆ ಎರಡು ಸಲ ಮೀಯುವ ನಮ್ಮೂರಿನವರಿಗೂ ಬರುತ್ತದೆ, ನುಸಿ ಚರ್ಮದ ಒಳಗೆ ಕೂತಿರುವಾಗ ಸೋಪು ಏನು ಮಾಡೀತು? ಒಂದೇ ಕೋಣೆಯಲ್ಲಿ ತುಂಬಾ ಜನ ಮಲಗುವ ಕಡೆ ಜಾಸ್ತಿ ಹರಡುತ್ತದೆ, ಅದು ಜಾಗದ ಕೊರತೆ. ಪ್ರಪಂಚದಲ್ಲಿ ಯಾವ ಹೊತ್ತಿಗೆ ಲೆಕ್ಕ ಹಾಕಿದರೂ 20 ಕೋಟಿಗಿಂತ ಹೆಚ್ಚು ಜನರಿಗೆ ಕಜ್ಜಿ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ನನ್ನದೇ ಕಥೆ ಹೇಳುತ್ತೇನೆ. ನರ್ಸಿಂಗ್ ಓದುವಾಗ ಹಾಸ್ಟೆಲಿನ ಒಂದು ಕೋಣೆಯಲ್ಲಿ ನಾವು ಆರು ಜನ. ವಾರ್ಡಿನಿಂದ ಯಾರೋ ಕಜ್ಜಿ ತಂದೆವು. ಆಗ ಬೆಂಜೈಲ್ ಬೆಂಜೋಯೇಟ್ ಅಂತ ಹಾಲಿನ ಹಾಗಿರುವ ಔಷಧ, ಕೆರೆದ ಜಾಗಕ್ಕೆ ತಾಗಿದರೆ ಕೆಂಡ. ಐದು ಜನ ಕಣ್ಣೀರು ಹಾಕುತ್ತಾ ಹಚ್ಚಿಕೊಂಡೆವು. ತಿಂಗಳಲ್ಲಿ ಮತ್ತೆ ಬಂತು. ಮತ್ತೆ ಹಚ್ಚಿದೆವು, ಮತ್ತೆ ಬಂತು. ಆರನೆಯವಳನ್ನು ನೋಡಲು ಹುಡುಗನ ಕಡೆಯವರು ಬರುವವರಿದ್ದರು, ಉದ್ದ ತೋಳಿನ ರವಿಕೆ ಹಾಕಿಕೊಂಡು ‘ನನಗೇನಿಲ್ಲ’ ಅನ್ನುತ್ತಾ ಇದ್ದಳು. ಅವಳೂ ನಮ್ಮ ಜೊತೆ ಒಂದೇ ರಾತ್ರಿ ಹಚ್ಚಿಕೊಂಡ ಮೇಲೇ ನಮ್ಮ ಕೋಣೆಯಿಂದ ಕಜ್ಜಿ ಹೋದದ್ದು. (ಮದುವೆಯೂ ಆಯಿತು, ಅದೇ ಹುಡುಗನ ಜೊತೆ.)

ನಿಮ್ಮ ಮನೆಯಲ್ಲೂ ಹಾಗೇ ಆಗಬೇಕು. ನೀವು, ಗಂಡ, ಅತ್ತೆ, ಮಗು, ನಾಲ್ಕೂ ಜನ ಒಂದೇ ರಾತ್ರಿ. ತುರಿಕೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಈಗ ಹೆಚ್ಚಾಗಿ ಕೊಡುವುದು 5 ಶೇಕಡಾ ಪರ್ಮೆಥ್ರಿನ್ ಕ್ರೀಮು. ಅಂಗಡಿಯಿಂದ ಸುಮ್ನೆ ತರಬೇಡಿ, ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿ ಚೀಟಿ ಬರೆಸಿಕೊಳ್ಳಿ, ಮಗುವನ್ನೂ ಕರೆದುಕೊಂಡು ಹೋಗಿ. ಎರಡು ತಿಂಗಳು ದಾಟಿದ ಮಕ್ಕಳಿಗೆ ಈ ಕ್ರೀಮು ಹಚ್ಚಬಹುದು. ದೊಡ್ಡವರಿಗೆ ಕುತ್ತಿಗೆಯಿಂದ ಕೆಳಗೆ, ಚಿಕ್ಕ ಮಕ್ಕಳಿಗೆ ಮತ್ತು ವಯಸ್ಸಾದವರಿಗೆ ತಲೆ, ಮುಖಕ್ಕೂ ಹಚ್ಚಲು ಹೇಳುತ್ತಾರೆ, ಕಣ್ಣು ಬಾಯಿ ಬಿಟ್ಟು. ಮಗುವಿನ ಕೈಗೆ ಸಾಕ್ಸ್ ಹಾಕಿಬಿಡಿ, ಇಲ್ಲದಿದ್ದರೆ ಚೀಪುತ್ತದೆ. ಹಾಲು ಕೊಡುವ ಮೊದಲು ಮೊಲೆತೊಟ್ಟು ಚೆನ್ನಾಗಿ ತೊಳೆದು, ಆಮೇಲೆ ಮತ್ತೆ ಹಚ್ಚಿ. ಮಾತ್ರೆ ಕೊಟ್ಟರೆ ‘ನಾನು ಹಾಲು ಕುಡಿಸುತ್ತೇನೆ’ ಅಂತ ಮರೆಯದೆ ಹೇಳಿ.

ಹಚ್ಚುವಾಗ ಎಲ್ಲರೂ ಮಾಡುವ ತಪ್ಪು, ತುರಿಸುವ ಜಾಗಕ್ಕೆ ಮಾತ್ರ ಹಚ್ಚುವುದು. ಹಾಗಲ್ಲ, ಮನೆಗೆ ಸುಣ್ಣ ಬಳಿದ ಹಾಗೆ ಒಂದು ಮೂಲೆಯೂ ಬಿಡಬಾರದು. ಉಗುರು ಕತ್ತರಿಸಿ ಅದರ ಅಡಿಗೆ, ಕಾಲ್ಬೆರಳ ಸಂದಿಗೆ, ಹೊಕ್ಕುಳಿಗೆ, ಕುಂಡೆಯ ಸಂದಿಗೆ, ಬೆನ್ನಿಗೆ. ದೊಡ್ಡವರೊಬ್ಬರಿಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕಾಗುತ್ತದೆ, ಒಂದೇ ಟ್ಯೂಬಿನಲ್ಲಿ ಇಡೀ ಸಂಸಾರ ಸುಧಾರಿಸಲು ಹೋಗಬೇಡಿ. ಬಿಸಿನೀರು ಮಿಂದ ಕೂಡಲೇ ಬೇಡ, ಮೈ ತಣಿದು ಒಣಗಿರಲಿ. 8ರಿಂದ 14 ಗಂಟೆ ಮೈಮೇಲೆ ಇದ್ದು ಬೆಳಿಗ್ಗೆ ಮೀಯಿರಿ. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಇದನ್ನು ಮರೆಯುವುದು ಯಾರು ಗೊತ್ತಾ, ನಮ್ಮ ಹೆಂಗಸರೇ, ರಾತ್ರಿ ಪಾತ್ರೆ ತೊಳೆದು ಬಂದು ಮಲಗಿಬಿಡುತ್ತೇವೆ. ವಾರ ಬಿಟ್ಟು ಇನ್ನೊಂದು ರಾತ್ರಿ ಹೀಗೇ. ಮಗುವಿನಿಂದ ದೂರ ಮಲಗುವ ಅಗತ್ಯ ಇಲ್ಲ, ಎಲ್ಲರೂ ಒಟ್ಟಿಗೆ ಹಚ್ಚಿಕೊಂಡರೆ ಸಾಕು.

ಗಂಡ ಈಗ ಮನೆಯಲ್ಲಿರುವುದು ನಿಮ್ಮ ಅದೃಷ್ಟ. ಮಳೆಗಾಲದ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಎರಡೂ ಸಲ ಹಚ್ಚಿ ಆಗಿರಬೇಕು. ಆಳಸಮುದ್ರದ ಬೋಟಿನಲ್ಲಿ ವಾರಗಟ್ಟಲೆ ಒತ್ತೊತ್ತಾಗಿ ಮಲಗುತ್ತಾರೆ, ಒಬ್ಬರು ತೆಗೆದುಕೊಂಡು ಹೋದರೆ ಬೋಟಿಗೆ ಬೋಟೇ ಕೆರೆಯುತ್ತಾ ಮಲ್ಪೆಗೆ ವಾಪಸ್ ಬರುತ್ತದೆ. ಆಮೇಲೆ ಯಾರಿಗಾದರೂ ತುರಿಕೆ ಕಂಡರೆ ಬೋಟು ನಡೆಸುವ ತಾಂಡೇಲರಿಗೆ ಹೇಳಲು ಸಂಕೋಚ ಬೇಡ ಅನ್ನಿ.

ಬಟ್ಟೆ ವಿಷಯಕ್ಕೆ ಬಂದರೆ ಪುಸ್ತಕದಲ್ಲಿ ‘ಬಿಸಿಲಿಗೆ ಹಾಕಿ’ ಅಂತ ಇರುತ್ತದೆ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಉಡುಪಿಯಲ್ಲಿ ಬಿಸಿಲು ಎಲ್ಲಿಂದ ತರುವುದು? ನುಸಿ ಮನುಷ್ಯನ ಮೈ ಬಿಟ್ಟು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಹಚ್ಚುವ ಹಿಂದಿನ ಮೂರು ದಿನ ಉಟ್ಟ ಬಟ್ಟೆ, ಟವೆಲು, ಹೊದಿಕೆಯನ್ನು ಹಂಡೆಯ ಕುದಿ ಬರುವ ನೀರಿನಲ್ಲಿ ನೆನೆಸಿ ಒಗೆದು, ಒಳಗೇ ಆರಿಸಿ ಇಸ್ತ್ರಿ ಹಾಕಿ. ಒಗೆಯಲಾಗದ ಕಂಬಳಿ, ದಿಂಬನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಅಟ್ಟದಲ್ಲಿಡಿ. ಅಷ್ಟು ಸಾಕು. ಮನೆಯೆಲ್ಲ ಫಿನಾಯಿಲ್ ಹೊಡೆಯುವುದು, ಮೈಗೆ ಸೀಮೆಎಣ್ಣೆ ಹಚ್ಚುವುದು ದಯವಿಟ್ಟು ಬೇಡ.

ಔಷಧ ಸರಿಯಾಗಿ ಹಚ್ಚಿದ ಮೇಲೂ 2ರಿಂದ 4 ವಾರ ತುರಿಕೆ ಉಳಿಯಬಹುದು, ಸತ್ತ ನುಸಿಯ ಮೇಲೆ ಮೈಯ ಸಿಟ್ಟು ಅದು. ಹೆದರಿ ದಿನಾ ದಿನಾ ಕ್ರೀಮು ಬಳಿಯಬೇಡಿ. ಕೆರೆದು ಕೆರೆದು ಕೀವಾದರೆ ಮಾತ್ರ ತಡಮಾಡದೆ ತೋರಿಸಿ, ಆ ಹುಣ್ಣಿನ ಸೋಂಕಿನಿಂದ ಮಕ್ಕಳ ಮೂತ್ರಪಿಂಡಕ್ಕೆ ತೊಂದರೆಯಾಗುವುದು ಉಂಟು. ಮತ್ತೆ, ಮೆಡಿಕಲ್ ಶಾಪಿನಲ್ಲಿ ತುರಿಕೆಗೆ ಅಂತ ಕೈಗೆ ಕೊಡುವ ಸ್ಟೀರಾಯ್ಡ್ ಸೇರಿದ ಟ್ಯೂಬಿನ ಹತ್ತಿರ ಹೋಗಬೇಡಿ. ಮೂರು ದಿನ ತಂಪು, ನುಸಿಗೆ ಮಾತ್ರ ಹಬ್ಬ. ಕಜ್ಜಿಯ ಗುರುತೇ ಅಳಿಸಿಹೋಗಿ ಡಾಕ್ಟರಿಗೂ ಗುರುತು ಸಿಗುವುದಿಲ್ಲ.

ಈಗ ಮ್ಯಾನೇಜರ ವಿಷಯ. ನೀವೊಬ್ಬರೇ ಟ್ಯೂಬ್ ಹಚ್ಚಿಕೊಂಡು ಮರುದಿನ ಅದೇ ಅಜ್ಜನನ್ನು ಬರಿಗೈಯಲ್ಲಿ ಮೀಯಿಸಿದರೆ ಏನೂ ಪ್ರಯೋಜನ ಇಲ್ಲ, ಎರಡನೇ ಸಲ ತಗಲಿದಾಗ ಒಂದರಿಂದ ನಾಲ್ಕು ದಿನದಲ್ಲೇ ತುರಿಕೆ ಶುರು. ಅಜ್ಜನಿಗೆ ಮಾತ್ರೆ, ಕ್ರೀಮು, ಹಕ್ಕಳೆ ಸಡಿಲಿಸುವ ಮುಲಾಮು ಎಲ್ಲ ಬೇಕು, ವಾಸಿಯಾಗುವ ತನಕ ಬೇರೆ ಕೋಣೆ ಬೇಕು. ಅವರನ್ನು ಮುಟ್ಟುವವರಿಗೆ ಗ್ಲೌಸು, ಉದ್ದ ತೋಳಿನ ಗೌನು ಕೊಡಬೇಕು. ಅಲ್ಲಿರುವ ಎಲ್ಲ ಅಜ್ಜ ಅಜ್ಜಿಯರಿಗೆ, ಆಯಾಗಳಿಗೆ, ಅಡುಗೆಯವರಿಗೆ ಒಂದೇ ದಿನ ಚಿಕಿತ್ಸೆ ಆಗಬೇಕು. ಈಚೆಗೆ ಬಂದು ಅಜ್ಜನ ಕೈ ಹಿಡಿದು ಕೂತು ಹೋದ ಮಕ್ಕಳು ಮೊಮ್ಮಕ್ಕಳಿಗೂ ಹೇಳಲೇಬೇಕು. ಅವರು ಮುಂದಿನ ತಿಂಗಳು ಬೆಂಗಳೂರಿನಲ್ಲೋ ದುಬೈಯಲ್ಲೋ ಕೆರೆದುಕೊಳ್ಳುತ್ತಾ ಡಾಕ್ಟರ ಹತ್ತಿರ ಹೋದರೆ ಗುಟ್ಟು ಹೇಗೂ ರಟ್ಟಾಗುತ್ತದೆ. ಇದನ್ನು ಮ್ಯಾನೇಜರಿಗೆ ಹೀಗೇ ಹೇಳಿ, ಮರ್ಯಾದೆಯ ಚಿಂತೆ ಇರುವವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಬಾಯಲ್ಲಿ ಹೇಳಿ ಬಿಡಬೇಡಿ. ಮೂವರು ಆಯಾಗಳೂ ಸೇರಿ ತಾರೀಕು ಹಾಕಿ ಕಾಗದದಲ್ಲಿ ಬರೆದು ಕೊಡಿ, ಒಂದು ಫೋಟೋ ಮೊಬೈಲಿನಲ್ಲಿರಲಿ. ಸಂಬಳದಲ್ಲಿ ನೌಕರರ ವಿಮೆಯ ಕಂತು, ಅಂದರೆ ಇಎಸ್‌ಐ ಹಿಡಿಯುತ್ತಾರಾ ನೋಡಿ. ಹಿಡಿಯುತ್ತಿದ್ದರೆ ಚಿಕಿತ್ಸೆ ಅಲ್ಲೇ ಸಿಗುತ್ತದೆ, ಡಾಕ್ಟರು ರಜೆ ಬರೆದರೆ, ಕಂತು ಸರಿಯಾಗಿ ಕಟ್ಟಿದ್ದರೆ, ಕೂಲಿಯ 70 ಶೇಕಡಾ ಬರುತ್ತದೆ. ಆರೋಗ್ಯ ಸೇವೆಯ ಕೆಲಸದಲ್ಲಿ ತಗಲುವ ಸೋಂಕು ಮತ್ತು ಪರೋಪಜೀವಿ ಕಾಯಿಲೆಗಳು ಕಾನೂನಿನ ವೃತ್ತಿ ಕಾಯಿಲೆಗಳ ಪಟ್ಟಿಯಲ್ಲಿವೆ. ಹಾಗಾಗಿ ‘ಅದು ನಿಮ್ಮ ಮನೆಯ ಸಮಸ್ಯೆ’ ಅಂತ ಅವರು ಕೈ ತೊಳೆದುಕೊಳ್ಳುವುದು ಅಷ್ಟು ಸುಲಭ ಅಲ್ಲ. ಅಜ್ಜನಿಗೆ ಚಿಕಿತ್ಸೆಯನ್ನೇ ಕೊಡದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ.

ಕೆಲಸ ಬಿಡುವುದು ಬೇಡ. ಮೊದಲ ರಾತ್ರಿ ಹಚ್ಚಿ ಬೆಳಿಗ್ಗೆ ಮಿಂದ ಮೇಲೆ ನೀವು ಕೆಲಸಕ್ಕೆ ಹೋಗಬಹುದು. ಅಜ್ಜನಿಗೂ ನಿಮ್ಮ ಕೈ ಅಭ್ಯಾಸ ಆಗಿರುತ್ತದೆ, ಈಗ ಎಲ್ಲರೂ ದೂರ ನಿಂತು ನೋಡುತ್ತಿರುವಾಗ ನೀವೂ ಹೋದರೆ ಅವರಿಗೆ ಯಾರು?

ಪ್ರಶ್ನೆ: ನಾನು ಮಂಗಳೂರಿನಲ್ಲಿ ಸಿಟಿ ಬಸ್ ಕಂಡಕ್ಟರ್, ಸ್ಟೇಟ್‌ಬ್ಯಾಂಕ್–ಸುರತ್ಕಲ್ ರೂಟ್. ತೊಡೆಸಂದಿಯಲ್ಲಿ ಬಳೆಯ ಹಾಗೆ ಉರುಟು ಕೆಂಪು ಗುರುತು, ವಿಪರೀತ ತುರಿಕೆ. ದಿನಾ ನೂರಾರು ಜನರ ನೋಟು, ಚಿಲ್ಲರೆ ಮುಟ್ಟುವುದರಿಂದ ಬಂತಾ?

ಉತ್ತರ: ಚಿಲ್ಲರೆಯನ್ನು ಬಿಡಿ, ಅದರ ತಪ್ಪಲ್ಲ. ನೀವು ಬರೆದದ್ದು ನೋಡಿದರೆ ಹುಳುಕಡ್ಡಿ ಇರಬೇಕು. ಹೆಸರಲ್ಲಿ ಹುಳ ಇದೆ, ನಿಜಕ್ಕೂ ಅದು ಬೂಸ್ಟಿನ ಜಾತಿ. ಮಳೆಯಲ್ಲಿ ನೆನೆದ ಖಾಕಿ ಪ್ಯಾಂಟಿನಲ್ಲೇ ಬೆಳಿಗ್ಗೆಯಿಂದ ರಾತ್ರಿ ತನಕ ನಿಲ್ಲುತ್ತೀರಲ್ಲ, ಅದಕ್ಕೆ ಅಷ್ಟು ಸಾಕು. ರೂಮಿನಲ್ಲಿ ಜೊತೆಗಾರರಿದ್ದರೆ ಟವೆಲು ಒಬ್ಬರದ್ದು ಒಬ್ಬರು ಬಳಸಬೇಡಿ. ವೆನ್‌ಲಾಕ್‌ನಲ್ಲಿ ಚರ್ಮದ ವಿಭಾಗಕ್ಕೆ ಒಂದು ಬೆಳಿಗ್ಗೆ ಹೋಗಿ ಬನ್ನಿ. ಕೊಟ್ಟ ಮುಲಾಮನ್ನು ಗುರುತು ಮಾಯವಾದ ಮೇಲೂ ಎರಡು ವಾರ ಹಚ್ಚಿ, ಎಲ್ಲರೂ ತುರಿಕೆ ನಿಂತ ದಿನವೇ ಬಿಟ್ಟು ಮತ್ತೆ ಬರುತ್ತಾರೆ. ಮೇಲೆ ಹೇಳಿದ ಸ್ಟೀರಾಯ್ಡ್ ಟ್ಯೂಬ್ ನಿಮಗೂ ಬೇಡ. ಖಾಕಿ ಇನ್ನೊಂದು ಜೊತೆ ಹೊಲಿಸಿ ಬಸ್ಸಿನಲ್ಲೇ ಇಟ್ಟುಕೊಳ್ಳಿ, ಮಧ್ಯಾಹ್ನ ಊಟದ ಹೊತ್ತಿಗೆ ಬದಲಾಯಿಸಬಹುದು.