ಸಣ್ಣ ರೀಫ್ ಟ್ಯಾಂಕಿನ ಕ್ಲ್ಯಾಮ್‌ಗೆ ದಿನಕ್ಕೆ ಎಷ್ಟು ಫೈಟೋ ಹಾಕಬೇಕು?

80 ಲೀಟರಿನ ರೀಫ್ ಟ್ಯಾಂಕಿಗೆ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) 5 ಸೆಂ.ಮೀ. ಉದ್ದದ ಕ್ರೋಸಿಯಾ ಕ್ಲ್ಯಾಮ್ (ಟ್ರಿಡಾಕ್ನಾ ಕುಲದ ಒಂದು ಚಿಪ್ಪುಜೀವಿ) ತಂದಿದ್ದೇನೆ, ದಿನಕ್ಕೆ ಎಷ್ಟು ಫೈಟೋಪ್ಲಾಂಕ್ಟನ್ (ಫೈಟೋ, ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ) ಹಾಕಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಆ ಬಾಟಲಿ ಫ್ರಿಜ್ಜಿನಲ್ಲೇ ಇರಲಿ. ಮೊದಲು ಲೈಟು ನೋಡಿ.

ನಾನು ಮಂಗಳೂರು ಕಡೆಯವನು. ಮರುವಾಯಿ ಸುಕ್ಕ ತಿಂದು ಬೆಳೆದವನಿಗೆ ಚಿಪ್ಪು ಅಂದರೆ ಅಳಿವೆಯ ಕೆಸರಲ್ಲಿ ಹೂತುಕೊಂಡು ನೀರು ಸೋಸಿ ಬದುಕುವ ಜೀವಿ. ಅದೇ ಲೆಕ್ಕದಲ್ಲಿ ನನ್ನ ಮೊದಲ ಕ್ಲ್ಯಾಮ್‌ಗೂ ಬೆಳಗ್ಗೆ, ಸಂಜೆ ಫೈಟೋದ ಹಸಿರು ನೀರು ಸುರಿದೆ. ಮೂರು ವಾರದಲ್ಲಿ ಮರಳಿನ ಮೇಲೆ ಕೆಂಪು ಲೋಳೆ ಕಟ್ಟಿತು, ಫಾಸ್ಫೇಟ್ ಏರಿತು. ಕ್ಲ್ಯಾಮ್ ತನ್ನ ಮ್ಯಾಂಟಲ್ (ಚಿಪ್ಪಿನಿಂದ ಹೊರಚಾಚುವ ಮೆತ್ತನೆಯ ಮೈ) ಹರಡುವುದನ್ನೇ ಬಿಟ್ಟು ಕೊನೆಗೆ ಬಾಯಿ ತೆರೆದುಕೊಂಡೇ ಸತ್ತಿತು. ನೆನೆದರೆ ಈಗಲೂ ಸಂಕಟವಾಗುತ್ತದೆ, ನಿಮಗೆ ಹಾಗಾಗದಿರಲಿ ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಟ್ರಿಡಾಕ್ನಾ ಕ್ಲ್ಯಾಮ್ ಕೂಡ ನೀರು ಸೋಸುತ್ತದೆ, ಮರಿಯಾಗಿದ್ದಾಗ ಸ್ವಲ್ಪ ಹೆಚ್ಚೇ. ಆದರೆ ಅದರ ಮುಖ್ಯ ಅಡುಗೆಮನೆ ಮೈಯೊಳಗಿದೆ. ಬಣ್ಣದ ಆ ಮ್ಯಾಂಟಲ್ ತುಂಬ ಝೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿ. ಬೆಳಕು ಬಿದ್ದರೆ ಅದು ಸಕ್ಕರೆ ಮಾಡಿ ಕ್ಲ್ಯಾಮ್‌ಗೆ ಕೊಡುತ್ತದೆ. ಕ್ರೋಸಿಯಾಗೆ ಅದೇ ಕುಲದ ಡೆರಾಸಾಗಿಂತ ಬಹಳ ಹೆಚ್ಚು ಬೆಳಕು ಬೇಕು. ಪಾರ್ ಮೀಟರ್ (ಪಾಚಿಗೆ ಬಳಕೆಯಾಗುವ ಬೆಳಕನ್ನು ಅಳೆಯುವ ಸಾಧನ) ಸಿಕ್ಕರೆ 300ರ ಆಸುಪಾಸು ಇದೆಯೇ ನೋಡಿ. ಹೊಸದನ್ನು ಒಮ್ಮೆಲೇ ಮೇಲಿಡಬೇಡಿ. ಅಂಗೈಯಗಲದ ಚಪ್ಪಟೆ ಕಲ್ಲಿನ ಮೇಲೆ ಕೂರಿಸಿ, ಎರಡು ಮೂರು ವಾರದಲ್ಲಿ ಕಲ್ಲಿನ ಸಮೇತ ಮೇಲಕ್ಕೆ ತನ್ನಿ. ಕಲ್ಲಿಗೆ ಅಂಟಿದ ಮೇಲೆ ಚಿಪ್ಪು ಹಿಡಿದು ಎಳೆದರೆ ಕಾಲಿನ ನಾರು ಕಿತ್ತು ಸಾಯುವುದುಂಟು.

ಇನ್ನು ಆ ಪಾಚಿಗೆ ಗೊಬ್ಬರ. ಅದು ನಿಮ್ಮ ಮೀನಿನಿಂದಲೇ ಸಿಗುತ್ತದೆ. ಮೀನು ತಿಂದು ಬಿಟ್ಟ ಅಮೋನಿಯಾ, ಅದರಿಂದಾಗುವ ನೈಟ್ರೇಟ್ ಎರಡನ್ನೂ ಕ್ಲ್ಯಾಮ್ ನೀರಿನಿಂದ ನೇರ ಹೀರುತ್ತದೆ. ಹಾಗಾಗಿ ನೈಟ್ರೇಟನ್ನು ಸೊನ್ನೆಗಿಳಿಸುವ ಹಟ ಬೇಡ, 5 ಪಿಪಿಎಂ ಇದ್ದರೆ ಒಳ್ಳೆಯದೇ. ತೀರಾ ಶುದ್ಧ ನೀರಿನಲ್ಲಿ ಮ್ಯಾಂಟಲ್ ಬಣ್ಣ ಕಳೆಗುಂದುತ್ತದೆ.

ಊಟದಷ್ಟೇ ಮುಖ್ಯ ಚಿಪ್ಪು ಕಟ್ಟುವ ಸಾಮಗ್ರಿ. ಕ್ಯಾಲ್ಸಿಯಂ 420 ಪಿಪಿಎಂ, ಆಲ್ಕಲಿನಿಟಿ 8ರಿಂದ 9 ಡಿಕೆಎಚ್ (ಆಲ್ಕಲಿನಿಟಿ ಅಳೆಯುವ ಮಾನ), ಮೆಗ್ನೀಷಿಯಂ 1300 ಪಿಪಿಎಂ ಆಸುಪಾಸಿನಲ್ಲಿ ಅಲುಗಾಡದೆ ನಿಲ್ಲಲಿ. ಚಿಪ್ಪಿನ ಅಂಚಿನಲ್ಲಿ ಹೊಸ ಬಿಳಿ ಪಟ್ಟಿ ಕಂಡರೆ ಅದು ಬೆಳೆಯುತ್ತಿದೆ, ಮತ್ತು ನಿಮ್ಮ ಪುಟ್ಟ ಟ್ಯಾಂಕಿನ ಆಲ್ಕಲಿನಿಟಿಯನ್ನು ನುಂಗುತ್ತಿದೆ. ವಾರಕ್ಕೆರಡು ಸಲ ಟೆಸ್ಟ್ ಮಾಡಿ.

ಇಷ್ಟೆಲ್ಲ ಸರಿಯಾದ ಮೇಲೆ ಫೈಟೋ ಕೊಡಿ: ಜೀವಂತ ನ್ಯಾನೋಕ್ಲೋರಾಪ್ಸಿಸ್ ಅಥವಾ ಐಸೋಕ್ರೈಸಿಸ್, ವಾರಕ್ಕೆ ಒಂದೆರಡು ಸಲ, ಕೆಲವೇ ಹನಿ. ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸಾಧನ) ಇದ್ದರೆ ಅರ್ಧ ಗಂಟೆ ನಿಲ್ಲಿಸಿ. ಪಿಪೆಟ್‌ನಿಂದ ಮ್ಯಾಂಟಲ್ ಮೇಲೆ ಚಿಮ್ಮಿಸಬೇಡಿ, ನೀರಿನ ಹರಿವಿಗೆ ಬಿಟ್ಟರೆ ತಾನೇ ಸೋಸಿಕೊಳ್ಳುತ್ತದೆ. ಸೀಗಡಿ ಚೂರು, ಮೀನಿನ ಕಾಳು ಇದಕ್ಕೆ ಆಹಾರವೇ ಅಲ್ಲ.

ರಾತ್ರಿ ಟಾರ್ಚ್ ಹಾಕಿ ಚಿಪ್ಪಿನ ಬುಡ ನೋಡಿ. ಅಕ್ಕಿಕಾಳಿಗಿಂತ ಸಣ್ಣ ಬಿಳಿ ಶಂಖುಹುಳುಗಳಿದ್ದರೆ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಅವು ಕ್ಲ್ಯಾಮಿನ ರಸ ಹೀರುತ್ತವೆ, ಎಷ್ಟು ಉಣಿಸಿದರೂ ಮೈಗೆ ಹತ್ತುವುದಿಲ್ಲ. ಹಗಲಲ್ಲಿ ಕೈಯ ನೆರಳು ಬಿದ್ದೊಡನೆ ಮ್ಯಾಂಟಲ್ ಒಳಗೆಳೆದುಕೊಂಡರೆ ಗಟ್ಟಿಮುಟ್ಟಾಗಿದೆ ಅಂತ ಧೈರ್ಯವಾಗಿರಿ.

ನಿಮ್ಮ ಲೈಟು ಯಾವುದು, ನೈಟ್ರೇಟ್ ಎಷ್ಟಿದೆ ತಿಳಿಸಿ, ಎಷ್ಟು ಎತ್ತರದಲ್ಲಿಡಬೇಕು ಅಂತ ಹೇಳುತ್ತೇನೆ.